ಎರಡು ನಿಮಿಷದೊಳಗೆ ಒಂದು ಸುತ್ತು: 710 ಮೀಟರ್ ಬಂಡೆಯ ಸುದ್ದಿಯಲ್ಲಿ ಖಚಿತ ಯಾವುದು, ಅಂದಾಜು ಯಾವುದು?

2026ರ ಜನವರಿಯಲ್ಲಿ ಒಂದು ಕ್ಷುದ್ರಗ್ರಹದ ಸುದ್ದಿ ಬಂತು. ಹೆಸರು 2025 ಎಮ್‌ಎನ್45. ಮಂಗಳ ಮತ್ತು ಗುರು ಗ್ರಹಗಳ ನಡುವೆ ಕ್ಷುದ್ರಗ್ರಹಗಳು ತುಂಬಿರುವ ಮುಖ್ಯ ಪಟ್ಟಿಯಲ್ಲಿದ್ದುಕೊಂಡು ಸೂರ್ಯನನ್ನು ಸುತ್ತುವ ಒಂದು ಬಂಡೆ. ಅಗಲ ಸುಮಾರು 710 ಮೀಟರ್. ತನ್ನ ಸುತ್ತ ತಾನು ಒಂದು ಸಲ ತಿರುಗಲು ಅದಕ್ಕೆ ಬೇಕಾಗುವುದು ಬರೀ 1.88 ನಿಮಿಷ, ಅಂದರೆ ಸುಮಾರು 113 ಸೆಕೆಂಡು. ಅರ್ಧ ಕಿಲೋಮೀಟರಿಗಿಂತ ದೊಡ್ಡ ಕ್ಷುದ್ರಗ್ರಹಗಳಲ್ಲಿ ಇಷ್ಟು ವೇಗವಾಗಿ ತಿರುಗುವ ಇನ್ನೊಂದು ಈವರೆಗೆ ಸಿಕ್ಕಿಲ್ಲ. ಚಿಲಿ ದೇಶದ ಸೆರೋ ಪಚೋನ್ ಬೆಟ್ಟದ ಮೇಲಿರುವ ವೆರಾ ರೂಬಿನ್ ವೀಕ್ಷಣಾಲಯದ ಚಿತ್ರಗಳಲ್ಲಿ ಇದು ಸಿಕ್ಕಿತು. ಸಾರಾ ಗ್ರೀನ್‌ಸ್ಟ್ರೀಟ್ ನೇತೃತ್ವದ ತಂಡ ಇದನ್ನು ಪ್ರಕಟಿಸಿತು.

ಕ್ಷುದ್ರಗ್ರಹ ಅಂದ ಕೂಡಲೇ ನಮ್ಮ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: ಭೂಮಿಗೆ ಬಂದು ಬೀಳುತ್ತದಾ? ಅದನ್ನು ಮೊದಲೇ ಮುಗಿಸಿಬಿಡೋಣ. ಇಲ್ಲ. ಮುಖ್ಯ ಪಟ್ಟಿ ಇರುವುದು ಸೂರ್ಯನಿಂದ ಸುಮಾರು 31 ಕೋಟಿಯಿಂದ 49 ಕೋಟಿ ಕಿಲೋಮೀಟರ್ ದೂರದಲ್ಲಿ. ನಾವಿರುವುದು 15 ಕೋಟಿಯಲ್ಲಿ. ಈ ಬಂಡೆ ಅಲ್ಲೇ ಸುತ್ತುತ್ತಿದೆ, ನಮ್ಮ ದಾರಿಗೆ ಅಡ್ಡ ಬರುವ ಕಕ್ಷೆ ಅದರದ್ದಲ್ಲ.

ಭಯದ ವಿಷಯ ಅಲ್ಲ ಅಂತಾದ ಮೇಲೆ ಸುದ್ದಿಯಲ್ಲಿ ಏನು ಉಳಿಯಿತು? ಅಲ್ಲೇ ನನಗೆ ಆಸಕ್ತಿ. ಯಾವ ದೂರದರ್ಶಕದಲ್ಲಿ ನೋಡಿದರೂ ಈ ಬಂಡೆ ಒಂದು ಚುಕ್ಕಿ ಅಷ್ಟೇ. ಆಕಾರ ಕಾಣುವುದಿಲ್ಲ, ಮೇಲ್ಮೈ ಕಾಣುವುದಿಲ್ಲ. ಆದರೂ ಅದರ ಅಗಲ ಹೇಳುತ್ತಾರೆ, ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತ ಹೇಳುತ್ತಾರೆ, ಒಳಗೆ ಗಟ್ಟಿ ಕಲ್ಲಿದೆ ಅಂತಲೂ ಹೇಳುತ್ತಾರೆ. ಈ ಮೂರು ಮಾತುಗಳೂ ಒಂದೇ ತೂಕದವಲ್ಲ. ಸುದ್ದಿಯಲ್ಲಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ, ಓದುವವರು ಮೂರನ್ನೂ ಒಂದೇ ಥರ ನಂಬುತ್ತಾರೆ. ಬಿಡಿಸಿ ನೋಡಬೇಕು.

ಮೂರರಲ್ಲಿ ಗಟ್ಟಿಯಾದದ್ದು ತಿರುಗುವ ವೇಗ. ಅದನ್ನು ಅಳೆಯುವುದು ಹೀಗೆ. ಕ್ಷುದ್ರಗ್ರಹಗಳಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕನ್ನೇ ಪ್ರತಿಫಲಿಸುತ್ತವೆ. ಸಣ್ಣ ಬಂಡೆಗಳು ದುಂಡಗಿರುವುದು ಕಡಿಮೆ, ಉದ್ದಕ್ಕೆ, ಓರೆಕೋರೆಯಾಗಿ ಇರುತ್ತವೆ. ಉದ್ದದ ಮಗ್ಗುಲು ನಮ್ಮ ಕಡೆ ಬಂದಾಗ ಹೊಳಪು ಜಾಸ್ತಿ, ತುದಿ ನಮ್ಮ ಕಡೆ ತಿರುಗಿದಾಗ ಕಡಿಮೆ. ಹಾಗಾಗಿ ಒಂದು ಪೂರ್ತಿ ಸುತ್ತಿನಲ್ಲಿ ಹೊಳಪು ಸಾಮಾನ್ಯವಾಗಿ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಈ ಏರಿಳಿತವನ್ನು ಕಾಲದ ಎದುರು ಗುರುತು ಹಾಕುತ್ತಾ ಹೋದರೆ ಒಂದು ಅಲೆ ಸಿಗುತ್ತದೆ. ಅಲೆ ಎಷ್ಟು ಹೊತ್ತಿಗೆ ಮರುಕಳಿಸುತ್ತದೆ ಅನ್ನುವುದೇ ತಿರುಗುವ ಅವಧಿ. ಇದಕ್ಕೆ ಬಂಡೆಯ ಗಾತ್ರ ಗೊತ್ತಿರಬೇಕಾಗಿಲ್ಲ, ಯಾವ ಕಲ್ಲಿನದ್ದು ಅಂತಲೂ ಗೊತ್ತಿರಬೇಕಾಗಿಲ್ಲ. ಹೊಳಪು ಮತ್ತು ಗಡಿಯಾರ, ಎರಡೇ ಸಾಕು.

ಇಷ್ಟು ಸುಲಭ ಅಂದರೆ ಇಂಥ ಬಂಡೆಗಳು ಮೊದಲೇ ಯಾಕೆ ಸಿಗಲಿಲ್ಲ? ಇಲ್ಲಿದೆ ಸ್ವಾರಸ್ಯ. ಮುಖ್ಯ ಪಟ್ಟಿಯಲ್ಲಿರುವ ಒಂದು ಕಿಲೋಮೀಟರಿಗಿಂತ ಸಣ್ಣ ಬಂಡೆ ತುಂಬಾ ಮಂಕು. ಸಾಧಾರಣ ಗಾತ್ರದ ದೂರದರ್ಶಕದಲ್ಲಿ ಅದು ಕಾಣಬೇಕಾದರೆ ಕ್ಯಾಮೆರಾವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಆದರೆ ಎಮ್‌ಎನ್45 ಎರಡು ನಿಮಿಷದೊಳಗೆ ಒಂದು ಸುತ್ತು ಮುಗಿಸಿಬಿಡುತ್ತದೆ. ನೀವು ಎರಡು ನಿಮಿಷ ತೆರೆದಿಟ್ಟು ಚಿತ್ರ ತೆಗೆದರೆ ಎರಡು ಏರು, ಎರಡು ಇಳಿತ ಎಲ್ಲವೂ ಒಂದೇ ಚಿತ್ರದೊಳಗೆ ಬೆರೆತು ಸರಾಸರಿ ಆಗಿಹೋಗುತ್ತವೆ. ಮುಂದಿನ ಚಿತ್ರದಲ್ಲೂ ಅದೇ ಸರಾಸರಿ, ಅದರ ಮುಂದಿನದರಲ್ಲೂ ಅದೇ. ಬಂಡೆ ತಿರುಗುತ್ತಲೇ ಇಲ್ಲವೇನೋ ಅನ್ನಿಸುವಂತೆ ಹೊಳಪು ಸಮವಾಗಿ ಕಾಣುತ್ತದೆ. ಅಂದರೆ ಇಂಥ ಬಂಡೆಗಳು ಎಷ್ಟೋ ಸಲ ಯಾರದ್ದೋ ಚಿತ್ರದಲ್ಲಿ ಬಂದು ಹೋಗಿದ್ದರೂ ವೇಗವನ್ನು ಬಿಟ್ಟುಕೊಟ್ಟಿರಲಾರವು. ರೂಬಿನ್ ದೂರದರ್ಶಕದ ಕನ್ನಡಿ 8.4 ಮೀಟರ್ ಅಗಲದ್ದು. ಅರ್ಧ ನಿಮಿಷದಷ್ಟು ತೆರೆದಿಟ್ಟರೂ ಮಂಕಾದ ಬಂಡೆಯ ಬೆಳಕು ಬೇಕಾದಷ್ಟು ಸೇರುತ್ತದೆ. ಜೊತೆಗೆ 3200 ಮೆಗಾಪಿಕ್ಸೆಲ್ ಕ್ಯಾಮೆರಾ, ಆಕಾಶದ ದೊಡ್ಡ ತುಂಡನ್ನೇ ಒಂದು ಸಲಕ್ಕೆ ಹಿಡಿಯುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ, ಚಕಚಕನೆ ತೆಗೆದದ್ದರಿಂದ ಅಲೆ ಬಿಡಿಸಿಕೊಂಡು ಕಾಣಿಸಿತು.

ಆ ಚಿತ್ರಗಳು ವೀಕ್ಷಣಾಲಯ ಇನ್ನೂ ಪೂರ್ತಿ ಕೆಲಸ ಶುರು ಮಾಡುವ ಮೊದಲಿನವು. 2025ರ ಏಪ್ರಿಲ್-ಮೇ ಹೊತ್ತಿಗೆ ಪರೀಕ್ಷೆಗೆಂದು ತೆಗೆದವು, ಎಲ್ಲ ಸೇರಿ ಸುಮಾರು 10 ಗಂಟೆಯ ವೀಕ್ಷಣೆ. ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಜಗತ್ತಿಗೆ ತೋರಿಸಿದಾಗಲೇ ಅದರಲ್ಲಿ 2104 ಹೊಸ ಕ್ಷುದ್ರಗ್ರಹಗಳು ಸಿಕ್ಕಿವೆ ಅಂದಿದ್ದರು. ಜಗತ್ತಿನ ಬೇರೆಲ್ಲ ದೂರದರ್ಶಕಗಳು ಸೇರಿ ವರ್ಷಕ್ಕೆ ಕಂಡುಹಿಡಿಯುವುದು ಸುಮಾರು 20,000. ಇದು 10 ಗಂಟೆಯಲ್ಲಿ ಅದರ ಹತ್ತರಲ್ಲೊಂದು ಪಾಲು ಮುಗಿಸಿತು. ಆದರೆ ತಿರುಗುವ ಅವಧಿಯನ್ನು ನಂಬಬಹುದಾದಷ್ಟು ಸ್ಪಷ್ಟವಾಗಿ ಹೇಳಲು ಆದದ್ದು 76 ಬಂಡೆಗಳದ್ದು ಮಾತ್ರ. ಸಾವಿರಾರು ಸಿಕ್ಕಿದ ಕಡೆ 76ಕ್ಕೆ ಮಾತ್ರ ಸಹಿ ಹಾಕಿದ್ದು ನನಗೆ ತುಂಬಾ ಹಿಡಿಸಿತು. ಆ 76ರಲ್ಲಿ 19 ಬಂಡೆಗಳು 2.2 ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ತಿರುಗುತ್ತವೆ. ಅವುಗಳಲ್ಲಿ ಮೂರು ಐದು ನಿಮಿಷಕ್ಕಿಂತಲೂ ವೇಗ. ಆ ಮೂರರಲ್ಲಿ ಒಂದು ನಮ್ಮ ಎಮ್‌ಎನ್45.

ಈ 2.2 ಗಂಟೆ ಎಲ್ಲಿಂದ ಬಂತು? ಇಡೀ ಸುದ್ದಿಯ ಜೀವ ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ತಿರುಗುವ ಯಾವುದೇ ವಸ್ತುವಿನ ಹೊರಮೈಯಲ್ಲಿರುವ ಕಲ್ಲಿಗೆ ಹಾರಿ ಹೋಗುವ ಒತ್ತಡ ಇರುತ್ತದೆ. ಅದನ್ನು ಹಿಡಿದಿಡುವುದು ಆ ವಸ್ತುವಿನ ಸ್ವಂತ ಗುರುತ್ವ. ಬಂಡೆ ದೊಡ್ಡದಾದಷ್ಟೂ ಅಂಚಿನ ವೇಗ ಹೆಚ್ಚು, ಹಾರುವ ಒತ್ತಡ ಹೆಚ್ಚು. ಆದರೆ ದೊಡ್ಡದಾದಷ್ಟೂ ಗುರುತ್ವವೂ ಅದೇ ಪ್ರಮಾಣದಲ್ಲಿ ಹೆಚ್ಚು. ಲೆಕ್ಕ ಬರೆದು ನೋಡಿದರೆ ಎರಡೂ ಕಡೆಯ ಗಾತ್ರ ಹೊಡೆದುಹೋಗುತ್ತದೆ. ಉಳಿಯುವುದು ಸಾಂದ್ರತೆ ಒಂದೇ. ಒಂದು ಘನ ಸೆಂಟಿಮೀಟರಿಗೆ 2.2 ಗ್ರಾಂ ಸಾಂದ್ರತೆ ಅಂತ ಹಾಕಿದರೆ ಬರುವ ಉತ್ತರ ಸುಮಾರು 2.2 ಗಂಟೆ. ನೂರು ಮೀಟರ್ ಬಂಡೆಗೂ ಅದೇ, ಹತ್ತು ಕಿಲೋಮೀಟರ್ ಬಂಡೆಗೂ ಅದೇ. ಬರೀ ಗುರುತ್ವದಿಂದ ಒಟ್ಟಿಗೆ ನಿಂತಿರುವ ಯಾವುದೇ ಕ್ಷುದ್ರಗ್ರಹ ಇದಕ್ಕಿಂತ ವೇಗವಾಗಿ ತಿರುಗಿದರೆ ಚದುರಿಹೋಗುತ್ತದೆ. ಪಿಯುಸಿ ಭೌತಶಾಸ್ತ್ರ ಓದಿದ ಮಕ್ಕಳು ನೋಟ್‌ಬುಕ್ಕಿನ ಅರ್ಧ ಪುಟದಲ್ಲಿ ಮಾಡಬಹುದಾದ ಲೆಕ್ಕ ಇದು. ಮತ್ತೆ ಇದು ಬರೀ ಪುಸ್ತಕದ ಮಾತಲ್ಲ. ಈವರೆಗೆ ಅವಧಿ ಗೊತ್ತಾದ ಸಾವಿರಾರು ಕ್ಷುದ್ರಗ್ರಹಗಳನ್ನು ಒಂದು ನಕ್ಷೆಯಲ್ಲಿ ಹಾಕಿದರೆ, ಕೆಲವು ನೂರು ಮೀಟರಿಗಿಂತ ದೊಡ್ಡವೆಲ್ಲ ಈ 2.2 ಗಂಟೆಯ ಗೆರೆಯ ಹತ್ತಿರ ಬಂದು ನಿಂತುಬಿಡುತ್ತವೆ. ದಾಟುವುದು ಬೆರಳೆಣಿಕೆಯಷ್ಟು ಮಾತ್ರ. ಭೂಮಿಗೆ ಹತ್ತಿರದ ಕಕ್ಷೆಯ 2001 ಒಇ84 ಅನ್ನುವ ಬಂಡೆ 29 ನಿಮಿಷಕ್ಕೊಂದು ಸುತ್ತು ಹಾಕುತ್ತದೆ ಅಂತ ಗೊತ್ತಾದಾಗ ಅದೇ ದೊಡ್ಡ ಆಶ್ಚರ್ಯವಾಗಿತ್ತು.

ಈಗ 113 ಸೆಕೆಂಡನ್ನು ಇದರ ಪಕ್ಕದಲ್ಲಿಟ್ಟು ನೋಡಿ. 710 ಮೀಟರ್ ಅಗಲ ಅಂದರೆ ಸುತ್ತಳತೆ ಸುಮಾರು 2230 ಮೀಟರ್. ಅದರ ನಡುಪಟ್ಟಿಯಲ್ಲಿರುವ ಒಂದು ಕಲ್ಲು ಸೆಕೆಂಡಿಗೆ ಹತ್ತಿರ ಹತ್ತಿರ 20 ಮೀಟರ್, ಗಂಟೆಗೆ 71 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಆ ಕಲ್ಲನ್ನು ಕೆಳಕ್ಕೆ ಎಳೆಯುವ ಗುರುತ್ವ ಮತ್ತು ಹೊರಕ್ಕೆ ಎಸೆಯುವ ಒತ್ತಡ ಎರಡನ್ನೂ ಲೆಕ್ಕ ಹಾಕಿದೆ, ಸಾಂದ್ರತೆ 2.5 ಅಂತ ಇಟ್ಟುಕೊಂಡು. ಎಸೆಯುವ ಒತ್ತಡ ಗುರುತ್ವದ ನಾಲ್ಕು ಸಾವಿರ ಪಟ್ಟಿಗಿಂತ ಜಾಸ್ತಿ ಬಂತು! ಅಲ್ಲಿ ಸಡಿಲ ಮಣ್ಣು, ಧೂಳು, ಬಿಡಿ ಕಲ್ಲು ಯಾವುದೂ ಮೈಮೇಲೆ ಸುಮ್ನೆ ಕೂತಿರಲು ಸಾಧ್ಯವೇ ಇಲ್ಲ. ಗುರುತ್ವ ಅದನ್ನು ಹಿಡಿದಿಟ್ಟಿಲ್ಲ ಅಂತಾದರೆ ಹಿಡಿದಿಟ್ಟಿರುವುದು ಕಲ್ಲಿನ ಸ್ವಂತ ಗಟ್ಟಿತನ. ಗಟ್ಟಿ ಬಂಡೆಗಿರುವಂಥ ಬಿಗಿ ಬೇಕು ಅಂತ ಸಂಶೋಧಕರು ಹೇಳುವುದು ಈ ಲೆಕ್ಕದ ಮೇಲೆ.

ಇದರಲ್ಲಿ ಏನು ವಿಶೇಷ, ಕ್ಷುದ್ರಗ್ರಹ ಅಂದರೆ ಬಂಡೆಯೇ ಅಲ್ವಾ ಅಂತ ಕೇಳಬಹುದು. ಕಳೆದ ಎರಡು ದಶಕಗಳಲ್ಲಿ ನಾವು ಕಲಿತದ್ದು ಇದಕ್ಕೆ ಉಲ್ಟಾ. ಜಪಾನಿನ ಹಯಾಬುಸಾ ನೌಕೆ 2005ರಲ್ಲಿ ಇಟೊಕಾವಾ ಎಂಬ ಕ್ಷುದ್ರಗ್ರಹಕ್ಕೆ ಹೋಯಿತು, ಆಮೇಲೆ ಹಯಾಬುಸಾ-2 ರ್ಯೂಗುವಿಗೆ, ನಾಸಾದ ಒಸಿರಿಸ್-ರೆಕ್ಸ್ ಬೆನ್ನುವಿಗೆ. ಮೂರೂ ಕಡೆ ಕಂಡದ್ದು ಒಂದೇ ಬಂಡೆಯಲ್ಲ, ಒಡೆದ ಕಲ್ಲುಗಳು ಗುರುತ್ವದಿಂದ ಮತ್ತೆ ಸೇರಿಕೊಂಡ ರಾಶಿ. ಬೆನ್ನುವಿನ ಮೇಲ್ಮೈ ಎಷ್ಟು ಸಡಿಲ ಇತ್ತೆಂದರೆ 2020ರಲ್ಲಿ ಮಾದರಿ ತೆಗೆಯಲು ಇಳಿದ ನೌಕೆಯ ತೋಳು ಸಲೀಸಾಗಿ ಒಳಕ್ಕೆ ಹೋಯಿತು. ಬೆನ್ನು ಒಂದು ಸುತ್ತಿಗೆ ತೆಗೆದುಕೊಳ್ಳುವುದು 4.3 ಗಂಟೆ, ರಾಶಿ ಚದುರದಷ್ಟು ನಿಧಾನ. ಹೀಗಾಗಿ ಕೆಲವು ನೂರು ಮೀಟರಿಂದ ಕೆಲವು ಕಿಲೋಮೀಟರ್ ಗಾತ್ರದವೆಲ್ಲ ಬಹುತೇಕ ಇಂಥ ರಾಶಿಗಳೇ ಅನ್ನುವುದು ಒಪ್ಪಿತ ಮಾತಾಗಿತ್ತು. ಕಲ್ಲುಕೋರೆಯಲ್ಲಿ ಸುರಿದ ಜಲ್ಲಿ ರಾಶಿಗೂ ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಏಕಶಿಲೆಗೂ ಇರುವ ಅಂತರವೇ ಬೆನ್ನುವಿಗೂ ಎಮ್‌ಎನ್45ಕ್ಕೂ ಇರುವುದು. ಇಷ್ಟು ದೊಡ್ಡ ಅಖಂಡ ಬಂಡೆ ಇಷ್ಟು ಕಾಲ ಹೇಗೆ ಉಳಿಯಿತು?

ಅದಕ್ಕೊಂದು ಸಾಧ್ಯತೆ ಇದೆ. ಮುಖ್ಯ ಪಟ್ಟಿಯಲ್ಲಿ ಕೋಟ್ಯಂತರ ವರ್ಷಗಳಿಂದ ಡಿಕ್ಕಿಗಳು ನಡೆಯುತ್ತಲೇ ಇವೆ. ದೊಡ್ಡ ಕ್ಷುದ್ರಗ್ರಹವೊಂದು ಒಡೆದಾಗ ಅದರ ಒಳಭಾಗದ ಗಟ್ಟಿ ತುಂಡು ಸಿಡಿದು ಹೊರಬಂದಿರಬಹುದು, ಸಿಡಿಯುವ ಹೊತ್ತಿಗೇ ಈ ವೇಗವೂ ಬಂದಿರಬಹುದು. ಸೂರ್ಯನ ಬೆಳಕೂ ವೇಗ ಏರಿಸಬಲ್ಲದು. ಬಿಸಿಯಾದ ಮೇಲ್ಮೈ ಆ ಶಾಖವನ್ನು ಹೊರಗೆ ಬಿಡುವಾಗ ಓರೆಕೋರೆ ಬಂಡೆಗೆ ಸಣ್ಣ ತಿರುಚು ಸಿಗುತ್ತದೆ, ಲಕ್ಷಾಂತರ ವರ್ಷಗಳಲ್ಲಿ ಅದು ಲೆಕ್ಕಕ್ಕೆ ಬರುವಷ್ಟಾಗುತ್ತದೆ. ಇದನ್ನು 2007ರಲ್ಲಿ ಒಂದು ಸಣ್ಣ ಬಂಡೆಯ ಮೇಲೆ ನೇರವಾಗಿ ಅಳೆದೂ ಆಗಿದೆ. ಸಡಿಲ ರಾಶಿಗಳಾದರೆ ಹೀಗೆ ವೇಗ ಏರುತ್ತಾ ಏರುತ್ತಾ ಗೆರೆ ದಾಟುವ ಹೊತ್ತಿಗೆ ಕಲ್ಲುಗಳನ್ನು ಕಳೆದುಕೊಳ್ಳುತ್ತವೆ. ಅಖಂಡ ಬಂಡೆ ದಾಟಿಕೊಂಡು ಹೋಗುತ್ತದೆ.

ಹಾಗಾದರೆ ಕ್ಷುದ್ರಗ್ರಹದ ಒಳಗೆ ಅಷ್ಟು ಗಟ್ಟಿ ಕಲ್ಲು ಆಗುವುದು ಹೇಗೆ? ಇಲ್ಲಿ ನಮ್ಮ ದೇಶದ ಕೆಲಸವೊಂದನ್ನು ಹೇಳಲೇಬೇಕು, ಯಾರೂ ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ. 1996ರ ಜೂನ್‌ನಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾಂ ಎಂಬಲ್ಲಿ ಒಂದು ಉಲ್ಕಾಶಿಲೆ ಬಿತ್ತು. ಮುಖ್ಯ ಪಟ್ಟಿಯ ವೆಸ್ಟಾ ಎಂಬ ದೊಡ್ಡ ಕ್ಷುದ್ರಗ್ರಹದಿಂದ ಬಂದವು ಅಂತ ನಂಬುವ ಗುಂಪಿನ ಕಲ್ಲು ಅದು, ಲಾವಾ ಆರಿ ಆದಂಥದ್ದು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಅದರಲ್ಲಿ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಧಾತು ಒಂದು ಕಾಲದಲ್ಲಿ ಇತ್ತು ಎನ್ನುವ ಗುರುತನ್ನು ಕಂಡುಹಿಡಿದು 1999ರಲ್ಲಿ ಪ್ರಕಟಿಸಿದರು. ಅಲ್ಯೂಮಿನಿಯಂ-26 ಕ್ಷಯಿಸುವಾಗ ಶಾಖ ಬರುತ್ತದೆ. ಸೌರಮಂಡಲದ ಶುರುವಿನಲ್ಲಿ ಆ ಶಾಖವೇ ಕೆಲವು ಕ್ಷುದ್ರಗ್ರಹಗಳನ್ನು ಒಳಗಿನಿಂದ ಕರಗಿಸಿತು ಅನ್ನುವ ವಾದಕ್ಕೆ ಅದು ದೊಡ್ಡ ಬಲ ಕೊಟ್ಟಿತು. ಒಮ್ಮೆ ಕರಗಿ ಆರಿದ ಕಲ್ಲು ಗಟ್ಟಿಯಾಗಿರುತ್ತದೆ. ಎಮ್‌ಎನ್45 ಅಂಥದ್ದೇ ಒಂದು ತುಂಡು ಅಂತ ನಾನು ಹೇಳುತ್ತಿಲ್ಲ, ಅಷ್ಟು ಹೇಳಲು ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಬೇಕು. ಗಟ್ಟಿ ಒಳಭಾಗ ಇರುವ ಕ್ಷುದ್ರಗ್ರಹಗಳು ಇದ್ದವು ಅನ್ನುವುದು ಮಾತ್ರ ನಿಜ.

ಈಗ ಆ 710 ಮೀಟರ್ ವಿಷಯಕ್ಕೆ ಬರೋಣ. ಸುದ್ದಿಗಳಲ್ಲಿ ಎದ್ದು ಕಾಣುವುದು ಇದೇ. ಆದರೆ ಇದು ಹೊಳಪಿನಿಂದ ಕಟ್ಟಿದ ಅಂದಾಜು. ಒಂದು ಬಂಡೆ ಇಷ್ಟು ಹೊಳೆಯುತ್ತದೆ ಅಂದರೆ ಅದು ಸಣ್ಣದಾಗಿದ್ದು ಬೆಳ್ಳಗಿರಬಹುದು, ಇಲ್ಲವೇ ದೊಡ್ಡದಾಗಿದ್ದು ಕಪ್ಪಗಿರಬಹುದು. ಮುಖ್ಯ ಪಟ್ಟಿಯಲ್ಲಿ ಎರಡೂ ಥರದವು ಧಾರಾಳವಾಗಿವೆ. ಇಂಗಾಲ ತುಂಬಿದವು ಬಿದ್ದ ಬೆಳಕಿನ ನೂರರಲ್ಲಿ ಐದು ಪಾಲನ್ನಷ್ಟೇ ವಾಪಸ್ ಕಳಿಸುತ್ತವೆ, ಸಿಲಿಕೇಟ್ ಕಲ್ಲಿನವು ಇಪ್ಪತ್ತು-ಇಪ್ಪತ್ತೈದು ಪಾಲು. ಒಂದೇ ಹೊಳಪಿಗೆ ಐದು ಪಾಲು ಅಂತ ಇಟ್ಟರೆ ಬರುವ ಅಗಲ, ಇಪ್ಪತ್ತೈದು ಅಂತ ಇಟ್ಟರೆ ಬರುವ ಅಗಲದ ಎರಡೂಕಾಲು ಪಟ್ಟು. ಸುದ್ದಿಯಲ್ಲಿ ಮೀಟರ್ ಲೆಕ್ಕದಲ್ಲಿ ಬರುವ ಯಾವುದೇ ಹೊಸ ಕ್ಷುದ್ರಗ್ರಹದ ಗಾತ್ರವನ್ನು ಈ ಅಂತರ ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಭೂಮಿಯ ಹತ್ತಿರ ಹಾದುಹೋಗುವ ಬಂಡೆಗಳಿಗೆ 'ಇಷ್ಟರಿಂದ ಇಷ್ಟು ಮೀಟರ್' ಅಂತ ಎರಡು ಅಂಕಿ ಕೊಟ್ಟಿರುತ್ತಾರಲ್ಲ, ಅದರ ಕಾರಣ ಇದೇ. ನಮ್ಮ ಟಿವಿಗಳು ಅದರಲ್ಲಿ ದೊಡ್ಡದನ್ನೇ ಎತ್ತಿಕೊಂಡು ಕೂಗುತ್ತವೆ, ಇದು ನಿಜಕ್ಕೂ ಬೇಸರದ ವಿಷಯ.

ಗಾತ್ರವೇ ಅಂದಾಜು ಅಂತಾದರೆ ಗಟ್ಟಿ ಬಂಡೆ ಅನ್ನುವ ತೀರ್ಮಾನ ನಿಲ್ಲುತ್ತದಾ? ನಿಲ್ಲುತ್ತದೆ. ಗುರುತ್ವದ ಗೆರೆಯಲ್ಲಿ ಗಾತ್ರ ಹೊಡೆದುಹೋಗುತ್ತದೆ ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. 113 ಸೆಕೆಂಡಿಗೊಮ್ಮೆ ತಿರುಗುವ ವಸ್ತು 300 ಮೀಟರ್ ಇರಲಿ, 700 ಇರಲಿ, ಗುರುತ್ವದಿಂದ ನಿಂತದ್ದಲ್ಲ. ಕಲ್ಲಿಗೆ ಎಷ್ಟು ಬಿಗಿ ಬೇಕು ಅನ್ನುವುದು ಗಾತ್ರದೊಂದಿಗೆ ಬದಲಾಗುತ್ತದೆ, ಅಗಲ ಅರ್ಧವಾದರೆ ಬೇಕಾದ ಬಿಗಿ ಕಾಲು ಪಾಲಿಗೆ ಇಳಿಯುತ್ತದೆ. ಆದರೂ ಧೂಳಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಬಲಕ್ಕಿಂತ ಅದು ಎಷ್ಟೋ ಪಟ್ಟು ಮೇಲೆಯೇ ಉಳಿಯುತ್ತದೆ. 'ಅರ್ಧ ಕಿಲೋಮೀಟರಿಗಿಂತ ದೊಡ್ಡವುಗಳಲ್ಲಿ ಅತಿ ವೇಗದ್ದು' ಅನ್ನುವ ದಾಖಲೆ ಮಾತ್ರ ಗಾತ್ರದ ಮೇಲೆ ನಿಂತಿದೆ.

ಇನ್ನೊಂದು ವಿಷಯ, 'ಕಂಡುಹಿಡಿದರು' ಅನ್ನುವುದು. ನಮ್ಮ ದೇಶದ ಶಾಲಾ ಮಕ್ಕಳು ಕ್ಷುದ್ರಗ್ರಹ ಕಂಡುಹಿಡಿದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಓದಿದಾಗ ಖುಷಿಯೇ ಆಗುತ್ತದೆ. ಬಹುತೇಕ ಇವು ಅಮೆರಿಕದ ಟೆಕ್ಸಾಸ್‌ನಿಂದ ನಡೆಯುವ ಒಂದು ಅಂತರರಾಷ್ಟ್ರೀಯ ಶೋಧ ಕಾರ್ಯಕ್ರಮದ ಫಲ. ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕ ಒಂದೇ ಜಾಗದ ಚಿತ್ರವನ್ನು ಕೆಲವು ನಿಮಿಷಗಳ ಅಂತರದಲ್ಲಿ ತೆಗೆದು ಕಳಿಸುತ್ತದೆ. ಮಕ್ಕಳು ಅಸ್ಟ್ರೋಮೆಟ್ರಿಕಾ ಎಂಬ ತಂತ್ರಾಂಶದಲ್ಲಿ ಅವನ್ನು ಒಂದರ ಮೇಲೊಂದು ಮಿನುಗಿಸಿ ನೋಡುತ್ತಾರೆ. ನಕ್ಷತ್ರಗಳು ಕದಲುವುದಿಲ್ಲ. ಒಂದು ಮಂಕು ಚುಕ್ಕಿ ಮಾತ್ರ ನೇರ ಗೆರೆಯಲ್ಲಿ ಸರಿಯುತ್ತಿದ್ದರೆ ಅದರ ಜಾಗವನ್ನು ಅಳೆದು ವರದಿ ಮಾಡುತ್ತಾರೆ. ಅದು ಪ್ರಾಥಮಿಕ ಪತ್ತೆ. ಬೇರೆ ರಾತ್ರಿ ಮತ್ತೆ ಕಂಡರೆ ತಾತ್ಕಾಲಿಕ ಹೆಸರು ಸಿಗುತ್ತದೆ. ಕಕ್ಷೆ ಪಕ್ಕಾ ಆಗಿ ಕಾಯಂ ಸಂಖ್ಯೆ ಬೀಳಲು ಎಷ್ಟೋ ವರ್ಷ ಹಿಡಿಯುತ್ತದೆ, ಹೆಸರಿಡುವ ಮಾತು ಅದಾದ ಮೇಲೆ. ಪತ್ರಿಕೆಗಳು ಮೊದಲ ಮೆಟ್ಟಿಲಿನಲ್ಲೇ 'ಹೊಸ ಕ್ಷುದ್ರಗ್ರಹ ಪತ್ತೆ' ಅಂದುಬಿಡುತ್ತವೆ. ಉಳಿದ ಮೆಟ್ಟಿಲುಗಳನ್ನೂ ಬರೆದರೆ ಮಕ್ಕಳ ಕೆಲಸ ಚಿಕ್ಕದಾಗುವುದಿಲ್ಲ, ಓದುವವರಿಗೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಮೊದಲ ಕ್ಷುದ್ರಗ್ರಹದ ಕತೆಯೇ ಹಾಗೆ ಇದೆ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜ್ಜಿ ಸೆರೆಸನ್ನು ಕಂಡರು. ಕೆಲವು ವಾರ ಹಿಂಬಾಲಿಸಿದರು, ಆಮೇಲೆ ಅದು ಸೂರ್ಯನ ಕಡೆ ಸರಿದು ಕಳೆದುಹೋಯಿತು. ಎಲ್ಲಿ ಹುಡುಕಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. 24 ವರ್ಷದ ಗಣಿತಜ್ಞ ಗೌಸ್ ಕೈಯಲ್ಲಿದ್ದ ಅಷ್ಟೇ ಅಳತೆಗಳಿಂದ ಕಕ್ಷೆ ಲೆಕ್ಕ ಹಾಕಿಕೊಟ್ಟರು. ಅದೇ ವರ್ಷದ ಕೊನೆಯ ದಿನ ಅವರು ಹೇಳಿದ ಜಾಗದ ಹತ್ತಿರವೇ ಸೆರೆಸ್ ಮತ್ತೆ ಸಿಕ್ಕಿತು. ನನ್ನನ್ನು ಕೇಳಿದರೆ ಸೆರೆಸ್ ಪೂರ್ತಿಯಾಗಿ ಪತ್ತೆಯಾದದ್ದು ಆ ಡಿಸೆಂಬರ್ 31ರಂದು.

ನಮ್ಮ ಕಡೆಯ ದಾಖಲೆಯೂ ಚಿಕ್ಕದಲ್ಲ. 1861ರ ಏಪ್ರಿಲ್‌ನಲ್ಲಿ ಮದ್ರಾಸ್ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಒಂದು ಕ್ಷುದ್ರಗ್ರಹ ಕಂಡರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದು, ಅದಕ್ಕೆ 67 ಏಷ್ಯಾ ಅಂತಲೇ ಹೆಸರು. ಬಹಳ ಕಾಲದ ನಂತರ, 1988ರ ಫೆಬ್ರವರಿಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ ತಮಿಳುನಾಡಿನ ಕಾವಲೂರಿನಿಂದ ಇನ್ನೊಂದನ್ನು ಹಿಡಿದರು. ಅದು 4130 ರಾಮಾನುಜನ್, ಮುಖ್ಯ ಪಟ್ಟಿಯದ್ದೇ. ಕಲ್ಕಿ ಎಂಬ ಹೆಸರಿನ ಆ ಯೋಜನೆಗೆ ಬಳಸಿದ್ದು ಅಲ್ಲಿನ ಒಂದು ಸಣ್ಣ ಶ್ಮಿಟ್ ದೂರದರ್ಶಕ.

ಎಮ್‌ಎನ್45ರ ಹೆಸರಿನಲ್ಲೇ ಕಾಲ ಎಷ್ಟು ಬದಲಾಗಿದೆ ಅಂತ ಗೊತ್ತಾಗುತ್ತದೆ. ತಾತ್ಕಾಲಿಕ ಹೆಸರಿನಲ್ಲಿ ಮೊದಲ ಅಕ್ಷರ ವರ್ಷದ ಅರ್ಧ ತಿಂಗಳನ್ನು ಸೂಚಿಸುತ್ತದೆ, ಎಮ್ ಅಂದರೆ ಜೂನ್ ಎರಡನೇ ಅರ್ಧ (ಚಿತ್ರಗಳು ಏಪ್ರಿಲ್-ಮೇ ಹೊತ್ತಿನವಾದರೂ ಹೆಸರು ಬಿದ್ದದ್ದು ಜೂನ್ ಲೆಕ್ಕದಲ್ಲಿ). ಎರಡನೇ ಅಕ್ಷರ ಮತ್ತು ಅಂಕಿ ಸೇರಿ ಆ ಅರ್ಧ ತಿಂಗಳ ಪಟ್ಟಿಯಲ್ಲಿ ಎಷ್ಟನೆಯದು ಅಂತ ಹೇಳುತ್ತವೆ. ಐ ಬಿಟ್ಟು 25 ಅಕ್ಷರಗಳು, 45 ಸಲ ಮುಗಿದು ಎನ್‌ಗೆ ಬಂದಿದೆ, ಅಂದರೆ 1138ನೆಯದು. ಹದಿನೈದು ದಿನದ ಪಟ್ಟಿಯಲ್ಲಿ! ರೂಬಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಹೊಸ ಚುಕ್ಕಿ ಹುಡುಕುವ ಕೆಲಸದಲ್ಲಿ ಹವ್ಯಾಸಿಗಳಿಗೆ ಜಾಗ ಬಹಳ ಕಡಿಮೆ ಉಳಿಯುತ್ತದೆ ಅಂತ ನನಗನ್ನಿಸುತ್ತದೆ. ಇದು ಕೆಲವರಿಗೆ ನೋವಿನ ಮಾತು, ಆದರೆ ಹೇಳಬೇಕು.

ಆದರೆ ರೂಬಿನ್‌ನಿಂದ ಆಗದ, ಕರಾವಳಿಯವರಿಂದ ಆಗುವ ಕೆಲಸವೊಂದಿದೆ. ಮೇಲೆ ಹೇಳಿದ ಆ ಗಾತ್ರದ ಅಂದಾಜನ್ನು ನಿಜವಾದ ಅಳತೆ ಮಾಡುವ ಕೆಲಸ.

ಕ್ಷುದ್ರಗ್ರಹ ಸರಿಯುತ್ತಾ ಹೋಗುವಾಗ ಕೆಲವೊಮ್ಮೆ ಒಂದು ನಕ್ಷತ್ರದ ಮುಂದೆ ಹಾದುಹೋಗುತ್ತದೆ. ಆಗ ಅದರ ನೆರಳು ಭೂಮಿಯ ಮೇಲೆ ಒಂದು ಪಟ್ಟಿಯಾಗಿ ಓಡುತ್ತದೆ, ನೆರಳಿನ ಅಗಲ ಬಂಡೆಯ ಅಗಲದಷ್ಟೇ. ಆ ಪಟ್ಟಿಯೊಳಗಿದ್ದವರಿಗೆ ನಕ್ಷತ್ರ ಕೆಲವು ಸೆಕೆಂಡು ಮಾಯವಾಗುತ್ತದೆ. 50 ಕಿಲೋಮೀಟರ್ ಅಗಲದ ಕ್ಷುದ್ರಗ್ರಹವಾದರೆ ನಾಲ್ಕೈದು ಸೆಕೆಂಡು. ಎಷ್ಟು ಹೊತ್ತು ಮಾಯವಾಯಿತು ಅನ್ನುವುದರಿಂದ, ನೋಡಿದವರ ಜಾಗದ ಮೇಲೆ ಹಾದುಹೋದ ಗೆರೆಯಲ್ಲಿ ಬಂಡೆ ಎಷ್ಟು ಉದ್ದ ಅಂತ ಸಿಗುತ್ತದೆ. ಬೇರೆ ಬೇರೆ ಜಾಗದಿಂದ ನೋಡಿದವರ ಗೆರೆಗಳನ್ನು ಜೋಡಿಸಿದರೆ ಬಂಡೆಯ ಆಕಾರವೇ ಮೂಡುತ್ತದೆ. ಬೆಳ್ಳಗೋ ಕಪ್ಪಗೋ ಅನ್ನುವ ಊಹೆ ಬೇಕಾಗಿಲ್ಲ. ಗಾಯಾ ಉಪಗ್ರಹ ನಕ್ಷತ್ರಗಳ ಜಾಗವನ್ನು ಅಷ್ಟು ನಿಖರವಾಗಿ ಅಳೆದುಕೊಟ್ಟ ಮೇಲೆ ನೆರಳು ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳುವುದೂ ಸುಲಭವಾಗಿದೆ.

ಈ ನೆರಳುಗಳು ಸಾಮಾನ್ಯವಾಗಿ ಪೂರ್ವ-ಪಶ್ಚಿಮವಾಗಿ ಓಡುತ್ತವೆ. ನಮ್ಮ ಊರುಗಳ ಸಾಲು ನೋಡಿ: ಕುಂದಾಪುರ, ಉಡುಪಿ, ಕಾಪು, ಸುರತ್ಕಲ್, ಮಂಗಳೂರು, ಕಾಸರಗೋಡು. ಹೆದ್ದಾರಿ 66ರ ಮೇಲೆ ಉತ್ತರ-ದಕ್ಷಿಣವಾಗಿ ನಿಂತಿವೆ, ನೆರಳಿಗೆ ಸರಿಯಾಗಿ ಅಡ್ಡ. ಉಡುಪಿಯಿಂದ ಮಂಗಳೂರಿಗೇ 50 ಕಿಲೋಮೀಟರ್ ಮೇಲಿದೆ. ಒಂದೇ ಊರಿನಲ್ಲಿ ಹತ್ತು ಜನ ಕೂತು ನೋಡಿದರೆ ಒಂದೇ ಗೆರೆ ಸಿಗುತ್ತದೆ. ಈ ಸಾಲಿನಲ್ಲಿ ಆರು ಜನ ಕೂತರೆ ಆರು ಗೆರೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಎಷ್ಟೋ ವರ್ಷಗಳಿಂದ ಇದೆ, ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ತಾರಾಲಯ ಇದೆ, ಊರೂರಿಗೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಜನ ಇಲ್ಲ ಅನ್ನುವ ಹಾಗಿಲ್ಲ.

ಬೇಕಾದ ಸಾಮಾನೂ ತೀರಾ ದುಬಾರಿಯದ್ದಲ್ಲ. ಆರೆಂಟು ಇಂಚಿನ ದೂರದರ್ಶಕ, ವೇಗವಾಗಿ ಚಿತ್ರ ತೆಗೆಯುವ ಒಂದು ಸಣ್ಣ ಕ್ಯಾಮೆರಾ, ಮತ್ತೆ ಜಿಪಿಎಸ್‌ನಿಂದ ಸಮಯ ಹಿಡಿಯುವ ವ್ಯವಸ್ಥೆ. ಕೊನೆಯದರಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದು. ನೆರಳು ಸೆಕೆಂಡಿಗೆ ಹತ್ತು-ಹದಿನೈದು ಕಿಲೋಮೀಟರ್ ಓಡುತ್ತದೆ, ಗಡಿಯಾರ ಕಾಲು ಸೆಕೆಂಡು ತಪ್ಪಿದರೆ ಆ ಗೆರೆ ಮೂರು-ನಾಲ್ಕು ಕಿಲೋಮೀಟರ್ ಆಚೀಚೆ ಸರಿಯುತ್ತದೆ. ಫೋನಿನ ಗಡಿಯಾರ ನೋಡಿ ಬಾಯಲ್ಲಿ ಎಣಿಸಿದ್ದು ಉಪಯೋಗಕ್ಕೆ ಬರುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕಾಣುವುದಿಲ್ಲ. ತರಬೇತಿಗೆ, ಜಿಪಿಎಸ್ ಜೋಡಿಸಿ ಪರೀಕ್ಷೆ ಮಾಡುವುದಕ್ಕೆ ಆ ನಾಲ್ಕು ತಿಂಗಳು ಇಟ್ಟುಕೊಂಡು, ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ರಾತ್ರಿಗಳಲ್ಲಿ ಕರಾವಳಿಯನ್ನು ದಾಟುವ ನೆರಳುಗಳ ಪಟ್ಟಿಯನ್ನು ಎಲ್ಲ ಊರಿನವರೂ ಸೇರಿ ಮೊದಲೇ ಹಂಚಿಕೊಂಡರೆ, ಮುಂದಿನ ಚಳಿಗಾಲದಲ್ಲೇ ಮೊದಲ ಗೆರೆಗಳು ಸಿಗಬಹುದು. ನಕ್ಷತ್ರ ಮಾಯವಾಗಲೇ ಇಲ್ಲ ಅಂತ ಒಂದು ಊರಿನವರು ಕಳಿಸುವ ವರದಿಯೂ ಅಷ್ಟೇ ಮುಖ್ಯ, ಬಂಡೆಯ ಅಂಚು ಅದರ ಆಚೆ ಇಲ್ಲ ಅಂತ ತಿಳಿಯುವುದು ಅದರಿಂದಲೇ.